ಮಂಚದ ಮೇಲೆ ಕೂರಬೇಡಿ

ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಒಂದು ಚಿತ್ರವಿದೆ. ತಾಲ್ಲೂಕು ಆಸ್ಪತ್ರೆಯ ವಾರ್ಡು, ಕಬ್ಬಿಣದ ಮಂಚ, ಎದ್ದು ಕೂರಲಾಗದ ಒಬ್ಬ ಮುದುಕಿ, ಆಕೆಯ ಕೈಗೆ ಬಾಳೆಹಣ್ಣು, ಬ್ರೆಡ್ಡಿನ ಪೊಟ್ಟಣ ಹಿಡಿಸುತ್ತಿರುವ ಹತ್ತು ಹನ್ನೆರಡು ಕೈಗಳು, ಕ್ಯಾಮೆರಾ ಕಡೆಗೆ ತಿರುಗಿದ ಅಷ್ಟೇ ಮುಖಗಳು. ಕೆಳಗೆ, ನಾಯಕರದೋ ನಟರದೋ ಹುಟ್ಟುಹಬ್ಬದ ಅಂಗವಾಗಿ ರೋಗಿಗಳಿಗೆ ಹಣ್ಣು, ಬ್ರೆಡ್ ವಿತರಿಸಲಾಯಿತು ಎಂಬ ಒಕ್ಕಣೆ. ನೋಡಿ ನಗುವುದು ಸುಲಭ. ಆದರೆ ಆ ಚಿತ್ರದಲ್ಲಿರುವ ಹೆಚ್ಚಿನವರ ಮನಸ್ಸು ಒಳ್ಳೆಯದೇ. ಕೈಯಿಂದ ದುಡ್ಡು ಹಾಕಿ ಹಣ್ಣು ತಂದವರು ಅವರು. ಮುದುಕಿಗೆ ಸಕ್ಕರೆ ಕಾಯಿಲೆ ಇದೆಯೇ, ನಾಳೆ ಬೆಳಿಗ್ಗೆ ಆಪರೇಷನ್ ಇದೆಯೇ ಎಂದು ಅವರಿಗೆ ಯಾರೂ ಹೇಳಿಲ್ಲ, ಅವರೂ ಕೇಳಿಲ್ಲ, ಅಷ್ಟೆ. ಇನ್ನೊಂದು ಕಡೆ, ಸ್ವಯಂಸೇವಕರನ್ನು ಕ್ರಮವಾಗಿ ಸೇರಿಸಿಕೊಳ್ಳುವ ಆಸ್ಪತ್ರೆಗಳು ಅವರಿಗೆ ಮೊದಲ ದಿನ ಕೊಡುವ ತಿಳಿವಳಿಕೆಯಲ್ಲಿ ಬಹುಪಾಲು ಬರೀ ‘ಬೇಡ’ಗಳು: ಮಂಚದ ಮೇಲೆ ಕೂರಬೇಡಿ, ಕೇಳದೆ ನೀರು ಕುಡಿಸಬೇಡಿ, ಕಾಯಿಲೆ ಏನೆಂದು ಕೆದಕಬೇಡಿ, ಕೇಳಿಸಿಕೊಂಡದ್ದನ್ನು ಹೊರಗೆ ಆಡಬೇಡಿ, ಫೋಟೊ ತೆಗೆಯಬೇಡಿ. ಸೇವೆ ಮಾಡಲು ಬಂದವರಿಗೆ ಇದೆಲ್ಲ ಆಡಳಿತದ ಕಿರಿಕಿರಿಯಂತೆ ಕಾಣುತ್ತದೆ. ಆದರೆ ಆಸ್ಪತ್ರೆ ಸ್ವಯಂಸೇವೆಯ ಹಿಂದಿನ ಕಥೆ ನೋಡಿದರೆ ಬೇರೆಯೇ ಅನಿಸುತ್ತದೆ. ಈ ಬೇಡಗಳು ಹುಟ್ಟಿದ್ದು ಕರುಣೆ ಕಡಿಮೆಯಾದ ಕಡೆಗಳಲ್ಲಲ್ಲ, ಅದು ಉಕ್ಕಿ ಹರಿದ ಕಡೆಗಳಲ್ಲಿ. ಒಂದೊಂದು ಬೇಡ ಸೇರಿದಾಗಲೂ ಸ್ವಯಂಸೇವಕರು ಮಾಡಬೇಕಾದ ಕೆಲಸ ಯಾವುದು ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತ ಬಂದಿದೆ.

ಫ್ರಾನ್ಸಿನ ಲಿಯೋನ್ ನಗರದ ಉತ್ತರಕ್ಕೆ ಶಾಟಿಯೋಂ ಎಂಬ ಚಿಕ್ಕ ಊರು. 1617ರ ಆಗಸ್ಟ್ 20, ಭಾನುವಾರ. ಅಲ್ಲಿನ ಹೊಸ ಪಾದ್ರಿ ವಿನ್ಸೆಂಟ್ ಡಿ ಪಾಲ್ ಪೂಜೆಗೆ ಅಣಿಯಾಗುತ್ತಿದ್ದಾಗ ಸುದ್ದಿಯೊಂದು ಬಂತು: ಊರಾಚೆಯ ಒಂಟಿ ಮನೆಯಲ್ಲಿ ಇಡೀ ಕುಟುಂಬ ಕಾಯಿಲೆ ಬಿದ್ದಿದೆ, ನೋಡಿಕೊಳ್ಳಲು ಒಬ್ಬರೂ ಇಲ್ಲ. ಪಾದ್ರಿ ಅದನ್ನು ಪ್ರವಚನದಲ್ಲಿ ಹೇಳಿದರು. ಸಂಜೆ ಅವರೇ ಆ ಮನೆಯತ್ತ ಹೊರಟರೆ ದಾರಿ ತುಂಬ ಹೆಂಗಸರು. ಕೆಲವರು ಹೋಗುತ್ತಿದ್ದಾರೆ, ಕೆಲವರು ಬರುತ್ತಿದ್ದಾರೆ, ಬಿಸಿಲಿಗೆ ಸುಸ್ತಾಗಿ ಕೆಲವರು ದಾರಿ ಬದಿಯಲ್ಲಿ ಕೂತಿದ್ದಾರೆ, ಥೇಟ್ ಮೆರವಣಿಗೆ. ಬೇರೆ ಪಾದ್ರಿಯಾಗಿದ್ದರೆ ತನ್ನ ಪ್ರವಚನದ ಫಲ ನೋಡಿ ಬೀಗುತ್ತಿದ್ದರೇನೋ. ವಿನ್ಸೆಂಟ್ ಯೋಚಿಸಿದ್ದು ಬೇರೆ: ಇವತ್ತೇ ಇಷ್ಟೆಲ್ಲ ಬಂದರೆ ಅರ್ಧ ಹಳಸಿ ಹೋಗುತ್ತದೆ, ನಾಳಿದ್ದು ಆ ಮನೆಯವರು ಮತ್ತೆ ಉಪವಾಸ. ಮೂರು ದಿನದೊಳಗೆ ಊರಿನ ಹೆಂಗಸರನ್ನು ಸೇರಿಸಿ ಪಾಳಿ ಹಂಚಿದರು. ಅದೇ ವರ್ಷದ ಕೊನೆಗೆ ಆ ಸಂಘದ ನಿಯಮಾವಳಿಗೆ ಬಿಷಪ್ ಕಚೇರಿಯ ಒಪ್ಪಿಗೆಯೂ ಸಿಕ್ಕಿತು. ನಮ್ಮ ಬೆಂಗಳೂರು, ಮಂಗಳೂರಿನ ಚರ್ಚುಗಳಲ್ಲಿ ಬಡವರ ಮನೆಗೆ ಅಕ್ಕಿ ಬೇಳೆ ತಲುಪಿಸುವ ವಿನ್ಸೆಂಟ್ ಡಿ ಪಾಲ್ ಸಭೆಗಳು ಈ ಹೆಸರಿನವೇ, ಆದರೆ ಅವು ಹುಟ್ಟಿದ್ದು ಬಹಳ ಈಚೆಗೆ, 1833ರಲ್ಲಿ, ಬೇರೊಬ್ಬರಿಂದ.

ಆ ನಿಯಮಾವಳಿಯಲ್ಲಿ ಊಟ ಬಡಿಸುವ ಭಾಗವನ್ನು ಇಂದಿನ ಯಾವ ಆಸ್ಪತ್ರೆಯೂ ತನ್ನ ತರಬೇತಿಗೆ ಹಾಗೇ ತೆಗೆದುಕೊಳ್ಳಬಹುದು. ಪಾಳಿಯವಳು ಅಡುಗೆ ಮಾಡಿ ಹೊತ್ತುಕೊಂಡು ರೋಗಿಯ ಮನೆಗೆ ಹೋಗಬೇಕು, ನಗುಮುಖದಿಂದ ಮಾತಾಡಿಸಬೇಕು. ಮಂಚದ ಮೇಲೆ ಹಲಗೆ ಸರಿಮಾಡಿ ಇಟ್ಟು, ಬಟ್ಟೆ ಹಾಸಿ, ಲೋಟ, ಚಮಚ, ರೊಟ್ಟಿ ಜೋಡಿಸಬೇಕು. ರೋಗಿಯ ಕೈ ತೊಳೆಸಬೇಕು. ಸಾರು ಬಟ್ಟಲಿಗೆ, ಮಾಂಸ ತಟ್ಟೆಗೆ; ಬೇಕಾದರೆ ತುಂಡು ಮಾಡಿ ಕೊಡಬೇಕು. ಬೇಸರದಲ್ಲಿದ್ದವರಿಗೆ ನಗು ಬರುವ ಒಂದು ಮಾತು ಆಡಬೇಕು. ತನ್ನ ಸ್ವಂತ ಮಗನಿಗೆ ಮಾಡುವ ಹಾಗೆ ಮಾಡಬೇಕು. ಎಷ್ಟು ಕೊಟ್ಟೆವು ಎಂಬುದಕ್ಕಿಂತ ಯಾವ ಕ್ರಮದಲ್ಲಿ ಕೊಟ್ಟೆವು ಎಂಬುದರ ಮೇಲೆ ಇಲ್ಲಿ ಎಷ್ಟೊಂದು ಗಮನ! ಇದಾದ ಮೇಲೆ ಬರುವ ಸೂಚನೆಯೊಂದು ನನಗೆ ಇಡೀ ಬರಹದ ಹೂರಣವೆನಿಸುತ್ತದೆ: ರೋಗಿ ಉಣ್ಣಲು ಶುರು ಮಾಡಿದ ಮೇಲೆ ಅವನ ಹತ್ತಿರ ಮನೆಯವರು ಯಾರಾದರೂ ಇದ್ದರೆ ಅವರಿಗೆ ಬಿಟ್ಟು ಮುಂದಿನ ಮನೆಗೆ ನಡೆಯಬೇಕು, ಜೊತೆಗೆ ಜನ ಇದ್ದವರಿಂದ ಸುತ್ತು ಶುರು ಮಾಡಬೇಕು, ಯಾರೂ ಇಲ್ಲದವರಲ್ಲಿ ಮುಗಿಸಬೇಕು. ಕಾರಣವನ್ನೂ ಬರೆದಿಟ್ಟಿದ್ದಾರೆ: ಒಂಟಿಯಾದವರ ಬಳಿ ಹೆಚ್ಚು ಹೊತ್ತು ಇರಬಹುದಲ್ಲ. ಅನ್ನವನ್ನು ಎಲ್ಲರಿಗೂ ಅಳತೆಯಲ್ಲಿ ಹಂಚಿ, ಹೊತ್ತನ್ನು ಮಾತ್ರ ಬೇಕಾದವರಿಗೆ ಧಾರಾಳವಾಗಿ ಕೊಡುವ ಈ ಲೆಕ್ಕಾಚಾರ ಒಬ್ಬ ಹಳ್ಳಿ ಪಾದ್ರಿಯದು.

ಪ್ಯಾರಿಸ್ಸಿಗೆ ಬಂದ ಮೇಲೆ ಇದೇ ಏರ್ಪಾಡು ಎರಡು ಕಡೆಯಿಂದ ಮುರಿಯಿತು. ಶ್ರೀಮಂತ ಮನೆತನದ ಹೆಂಗಸರು ಸಂಘಕ್ಕೆ ಉತ್ಸಾಹದಿಂದ ಸೇರಿದರು, ಸಾರಿನ ಪಾತ್ರೆ ಹೊರುವ ಸರದಿ ಬಂದಾಗ ಮನೆಯ ಆಳುಗಳನ್ನು ಕಳಿಸಿದರು. ಅದಕ್ಕೆ ವಿರುದ್ಧವಾದ ತುದಿಯಲ್ಲಿ ಮಾರ್ಗರೀತ್ ನಾಸೋ. ಹಸು ಕಾಯುತ್ತ, ದಾರಿಯಲ್ಲಿ ಹೋಗುವವರನ್ನು ಕೇಳಿ ಕೇಳಿ ಅಕ್ಷರ ಕಲಿತ ರೈತರ ಹುಡುಗಿ ಆಕೆ. ಬೇರೆಯವರು ಹಿಂಜರಿಯುವ ಕೆಲಸಕ್ಕೆ ತಾನಾಗಿ ಬಂದವಳು. ಪ್ಲೇಗು ಹತ್ತಿದ ಒಬ್ಬ ಹೆಂಗಸನ್ನು ತನ್ನ ಹಾಸಿಗೆಯಲ್ಲೇ ಮಲಗಿಸಿಕೊಂಡು, 1633ರಲ್ಲಿ ಅದೇ ರೋಗಕ್ಕೆ ತೀರಿಕೊಂಡಳು. ಆ ವರ್ಷವೇ ನವೆಂಬರ್‌ನಲ್ಲಿ ವಿನ್ಸೆಂಟ್ ಅವರ ಸಹವರ್ತಿ ಲೂಯಿಸ್ ದ ಮರಿಯಾಕ್ ಅವರ ಮನೆಯಲ್ಲಿ ಕೆಲವು ಹಳ್ಳಿ ಹುಡುಗಿಯರನ್ನು ಒಟ್ಟಿಗಿರಿಸಿ ಕಲಿಸುವ ಕೆಲಸ ಆರಂಭವಾಯಿತು. ಮುಂದೆ ಜಗತ್ತಿನಾದ್ಯಂತ ಹರಡಿದ ದಾನಧರ್ಮದ ಪುತ್ರಿಯರ ಸಂಘ ಅದು. ಮಾರ್ಗರೀತ್‌ಳನ್ನು ಆ ಸಂಘ ಇಂದಿಗೂ ತನ್ನ ಮೊದಲನೆಯವಳೆಂದು ಗೌರವಿಸುತ್ತದೆ. ಗೌರವಿಸಬೇಕಾದದ್ದೇ. ಆದರೆ ಅವಳು ಮಾಡಿದಂತೆ ಎಲ್ಲರೂ ಮಾಡಿ ಎಂದು ಹುಡುಗಿಯರಿಗೆ ಹೇಳಿದ್ದರೆ ಸಂಘ ಒಂದು ಪ್ಲೇಗಿನ ಕಾಲವನ್ನೂ ದಾಟುತ್ತಿರಲಿಲ್ಲ. ಆಳು ಕಳಿಸಿದವರ ತಪ್ಪು ಎಲ್ಲರಿಗೂ ಕಾಣುತ್ತದೆ; ಮಾರ್ಗರೀತ್ ಕೊಟ್ಟ ಬೆಲೆಯನ್ನು ತಪ್ಪು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಹಾಗಾಗಿ ಅದನ್ನು ತಡೆಯುವ ಕೆಲಸವನ್ನು ನಿಯಮವೇ ಮಾಡಬೇಕಾಗುತ್ತದೆ.

ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ನಮ್ಮ ಶಾಲಾ ಪಾಠಗಳು ದೀಪ ಹಿಡಿದ ದೇವತೆಯನ್ನಾಗಿ ಮಾಡಿಬಿಟ್ಟಿವೆ. 1854ರ ನವೆಂಬರ್‌ನಲ್ಲಿ 38 ಹೆಂಗಸರ ತಂಡದೊಂದಿಗೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೈನಿಕ ಆಸ್ಪತ್ರೆಗೆ ಬಂದ ಅವರು ಮೊದಲು ಮಾಡಿದ್ದು, ತಮ್ಮವರನ್ನು ರೋಗಿಗಳ ಹತ್ತಿರ ಬಿಡದೆ ತಡೆದದ್ದು. ವೈದ್ಯರು ಕರೆಯುವವರೆಗೆ ಯಾರೂ ವಾರ್ಡಿಗೆ ಕಾಲಿಡಬಾರದು. ಅಲ್ಲಿಯವರೆಗೆ ಬಟ್ಟೆ ಹೊಲಿಯುತ್ತ ಕೂತಿರಿ ಎಂದರು. ಪಕ್ಕದ ಕೋಣೆಯಲ್ಲಿ ಗಾಯಾಳುಗಳು ನರಳುತ್ತಿದ್ದಾಗ ಈ ಮಾತು ಕಟುಕತನದಂತೆ ಕೇಳಿರಬೇಕು. ಹೆಂಗಸರನ್ನು ಕಂಡರಾಗದ ಸೈನಿಕ ವೈದ್ಯರ ನಡುವೆ, ಕರೆಯದೆ ನುಗ್ಗಿದ್ದರೆ ಇಡೀ ತಂಡ ಮುಂದಿನ ಹಡಗಿಗೆ ವಾಪಸಾಗುತ್ತಿತ್ತು ಎಂಬುದು ಅವರಿಗೆ ಗೊತ್ತಿತ್ತು. ಡಿಸೆಂಬರ್‌ನಲ್ಲಿ ಮೇರಿ ಸ್ಟ್ಯಾನ್ಲಿ ಇನ್ನೂ 46 ಮಂದಿಯನ್ನು ಕರೆತಂದಾಗ, ತಾನು ಕೇಳದೆ ಬಂದವರನ್ನು ಸೇರಿಸಿಕೊಳ್ಳುವುದಿಲ್ಲವೆಂದು ಮೊದಲು ಹಟ ಹಿಡಿದರು. 1859ರಲ್ಲಿ ಅವರು ಬರೆದ ಶುಶ್ರೂಷೆಯ ಪುಸ್ತಕದಲ್ಲಿ, ರೋಗಿಯನ್ನು ನೋಡಲು ಬರುವವರ ಪೊಳ್ಳು ಭರವಸೆ ಮತ್ತು ಪುಕ್ಕಟೆ ಸಲಹೆಗಳನ್ನು ಬಿಡಿಸಿಡಲೆಂದೇ ಒಂದು ಅಧ್ಯಾಯವಿದೆ. ನಮ್ಮ ಕಡೆ “ನಿಮಗೇನಾಗಿದೆ, ಬಂಡೆ ಇದ್ದಂಗಿದೀರಿ” ಎನ್ನುವವರೂ, “ನಮ್ಮ ಭಾವನಿಗೂ ಇದೇ ಆಗಿತ್ತು, ಕಷಾಯ ಕುಡಿದು ನೋಡಿ” ಎನ್ನುವವರೂ ಓದಬೇಕಾದ ಅಧ್ಯಾಯ. ರೋಗಿ ಕತ್ತು ತಿರುಗಿಸದೆ ನೋಡುವಂತೆ ಎದುರಿಗೆ ಕೂತು ಮಾತಾಡಿ, ಕಾಣದಂತೆ ಬಾಗಿಲಾಚೆ ಪಿಸುಗುಡಬೇಡಿ, ಮಂಚಕ್ಕೆ ಒರಗಬೇಡಿ, ಅದರ ಮೇಲೆ ಕೂರಬೇಡಿ, ಅಲುಗಿಸಬೇಡಿ ಎಂದೂ ಅವರು ಬರೆದರು.

ಈ ಕೊನೆಯ ಮಾತಿನ ಆಯುಸ್ಸು ಕುತೂಹಲ ಹುಟ್ಟಿಸುತ್ತದೆ. ನೈಟಿಂಗೇಲ್ ಕೊಟ್ಟ ಕಾರಣ, ಮಂಚ ಅಲುಗಿದರೆ ನೋಯುವ ಮೈಗೆ ಆಗುವ ಹಿಂಸೆ. ಇಂದು ಹೇಳುವ ಕಾರಣ, ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಬಟ್ಟೆಯ ಮೂಲಕ ಸಾಗುವ ಸೋಂಕು. ಕಾರಣ ಬದಲಾದರೂ ನಿಯಮ ಉಳಿಯಿತು. ಅದರ ತಳದಲ್ಲಿರುವ ಅರಿವು ಒಂದೇ. ಆ ಮೂರಡಿ ಅಗಲದ ಜಾಗ ರೋಗಿಗೆ ಉಳಿದಿರುವ ಮನೆ. ಬಂದವರು ಹೊಸ್ತಿಲಾಚೆ ನಿಲ್ಲಬೇಕು. ನೀರಿನ ನಿಯಮವೂ ಹೀಗೇ. “ಒಂದು ಗುಟುಕು ನೀರು ಕೊಡವ್ವ” ಎಂದು ಒಣಗಿದ ತುಟಿಯ ಮುದುಕ ಕೇಳಿದರೆ ಕೊಡದಿರುವುದು ನಮ್ಮಲ್ಲಿ ಪಾಪಕ್ಕೆ ಸಮ. ಆದರೆ ಆಪರೇಷನ್ನಿಗೆ ಹೊಟ್ಟೆ ಖಾಲಿ ಇಟ್ಟವರಿಗೆ ಕುಡಿಸಿದ್ದು ಅರಿವಳಿಕೆಯಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು; ಲಕ್ವ ಹೊಡೆದು ನುಂಗುವ ಶಕ್ತಿ ಕುಂದಿದವರಿಗೆ ಲೋಟದ ನೀರೇ ಉಸಿರುನಾಳಕ್ಕೆ ಹೋಗಬಹುದು. ಗಾಲಿಕುರ್ಚಿಯನ್ನೇ ನೋಡಿ. ರೋಗಿ ಏಳುವ ಮೊದಲು ಎರಡೂ ಚಕ್ರಗಳ ಬ್ರೇಕು ಹಾಕಿ, ಕಾಲಿಡುವ ತಗಡುಗಳನ್ನು ಮೇಲಕ್ಕೆ ಮಡಚಬೇಕು. ಮಡಚದಿದ್ದರೆ ಅವರು ಆ ತಗಡಿನ ಮೇಲೇ ಭಾರ ಹಾಕಿ ನಿಲ್ಲಲು ಹೋಗುತ್ತಾರೆ, ಕುರ್ಚಿ ಮುಂದಕ್ಕೆ ಮಗುಚುತ್ತದೆ. ತೋಳು ಹಿಡಿದು ಎಬ್ಬಿಸುವ ಆತುರದಲ್ಲಿ ಮರೆತುಹೋಗುವುದು ಇದೇ.

ನಿಯಮಗಳ ವಿರುದ್ಧ ಇರುವ ಗಟ್ಟಿಯಾದ ಆಕ್ಷೇಪಣೆ ಬೇರೆ ದಿಕ್ಕಿನಿಂದ ಬರುತ್ತದೆ. ತರಬೇತಿ ಕೊಟ್ಟು ಬ್ಯಾಡ್ಜು ಹಾಕಿ ನಿಲ್ಲಿಸಿದ ಸ್ವಯಂಸೇವಕರು, ಸಂಬಳ ಕೊಡದೆ ದುಡಿಸಿಕೊಳ್ಳುವ ಆಳುಗಳೇ ಆಗುವುದಿಲ್ಲವೇ? ಬ್ರಿಟನ್ನಿನ ಮೊದಲ ಮಹಾಯುದ್ಧದ ಅನುಭವ ಈ ಅನುಮಾನಕ್ಕೆ ಸಾಕಷ್ಟು ಇಂಬು ಕೊಡುತ್ತದೆ. 1909ರಲ್ಲಿ ಅಲ್ಲಿನ ಯುದ್ಧ ಇಲಾಖೆ ಸ್ವಯಂಸೇವಾ ದಳಗಳ ಯೋಜನೆ ತಂದಿತು, ವಿ.ಎ.ಡಿ. ಎಂಬ ಮೂರಕ್ಷರದಿಂದಲೇ ಅವರು ಹೆಸರಾದರು. ಪ್ರಥಮ ಚಿಕಿತ್ಸೆ, ಮನೆ ಶುಶ್ರೂಷೆ ಎರಡರಲ್ಲೂ ಪರೀಕ್ಷೆ. 1914ರಲ್ಲಿ ಯುದ್ಧ ಬಂದಾಗ ಅವರ ಸಂಖ್ಯೆ ಸುಮಾರು 74,000, ಮೂರರಲ್ಲಿ ಎರಡು ಪಾಲು ಹೆಂಗಸರು. ಮನೆಯಲ್ಲಿ ಚಹಾ ಕಾಯಿಸಿಯೂ ಗೊತ್ತಿಲ್ಲದ ಹುಡುಗಿಯರು ನೆಲ ಉಜ್ಜಿದರು, ಬೆಡ್‌ಪ್ಯಾನ್ ತೊಳೆದರು. ಟಾರ್ಕಿಯ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಹೀಗೆ ದುಡಿದು, ಅಲ್ಲಿಂದ ಔಷಧಿ ವಿಭಾಗಕ್ಕೆ ಹೋಗಿ ವಿಷಗಳ ಪರಿಚಯ ಮಾಡಿಕೊಂಡ ಒಬ್ಬಾಕೆ ಮುಂದೆ ಅಗಾಥಾ ಕ್ರಿಸ್ಟಿ ಎಂದು ಹೆಸರಾದದ್ದು ಪತ್ತೇದಾರಿ ಕಾದಂಬರಿಯ ಓದುಗರಿಗೆಲ್ಲ ಗೊತ್ತು. ಯುದ್ಧ ಎಳೆದಂತೆ ಗಡಿಗಳು ಅಳಿಸಿದವು; ವಿ.ಎ.ಡಿ.ಗಳು ಗಾಯಕ್ಕೆ ಪಟ್ಟಿ ಕಟ್ಟತೊಡಗಿದರು. ಸೈನಿಕ ಆಸ್ಪತ್ರೆಗಳಲ್ಲಿ ಅವರಿಗೆ ಸಿಗುತ್ತಿದ್ದದ್ದು ವರ್ಷಕ್ಕೆ 20 ಪೌಂಡು. ಮೂರು ವರ್ಷ ಕಲಿತು ದಾದಿಯರಾದವರಿಗೆ ಇದು ಹೊಟ್ಟೆಯ ಮೇಲೆ ಹೊಡೆದಂತೆ ಕಂಡಿತು: ಅಲ್ಪಸ್ವಲ್ಪ ಪಾಠ ಕಲಿತವರೂ ದಾದಿಯರಂತೆ ಉಡುಪು ತೊಟ್ಟು ‘ಸಿಸ್ಟರ್’ ಅನಿಸಿಕೊಂಡರೆ ತಾವು ಕಲಿತದ್ದಕ್ಕೆ ಏನು ಬೆಲೆ? ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್ ಮುಂತಾದವರು ದಶಕಗಳಿಂದ ಕೇಳುತ್ತಿದ್ದ ದಾದಿಯರ ನೋಂದಣಿ ಕಾಯ್ದೆ 1919ರಲ್ಲಿ ಬಂದದ್ದರ ಹಿಂದೆ ಈ ಕಳವಳವೂ ಇತ್ತು. ಆಕ್ಷೇಪಣೆ ನಿಜ ಎಂದೇ ನಾನು ಒಪ್ಪುತ್ತೇನೆ. ಆದರೆ ಅದು ಬೆರಳು ಮಾಡುವುದು ಗೆರೆ ಅಳಿಸಿದ ಕಡೆಗೆ. ಸ್ವಯಂಸೇವಕರು ಸೂಜಿ ಚುಚ್ಚಬಾರದು, ಔಷಧಿ ಕೊಡಬಾರದು, ರೋಗಿಯನ್ನು ಒಬ್ಬರೇ ಎತ್ತಿ ಕೂರಿಸಬಾರದು ಎಂಬ ಇಂದಿನ ನಿಯಮ ರೋಗಿಯ ಜೊತೆಗೆ ದಾದಿಯ ಹುದ್ದೆಯನ್ನೂ ಕಾಯುತ್ತದೆ. ಖಾಲಿ ಹುದ್ದೆ ತುಂಬದೆ ಸ್ವಯಂಸೇವಕರಿಂದ ತೇಪೆ ಹಾಕಲು ಹೊರಟ ಆಸ್ಪತ್ರೆಗೆ ಮೊದಲು ತೊಡಕಾಗುವುದು ಅದೇ ನಿಯಮ. ಅಮೆರಿಕದಲ್ಲಿ 1918ರಿಂದ ವಾಲ್ಟರ್ ರೀಡ್ ಆಸ್ಪತ್ರೆಯ ಗಾಯಾಳುಗಳಿಗೆ ಕಾಗದ ಬರೆದುಕೊಟ್ಟು, ಓದಿ ಹೇಳಿ, ಅಂಗಡಿಯಿಂದ ಸಾಮಾನು ತಂದುಕೊಡುತ್ತಿದ್ದ ಬೂದು ಸಮವಸ್ತ್ರದ ರೆಡ್‌ಕ್ರಾಸ್ ಮಹಿಳೆಯರ ವಿರುದ್ಧ ಇಂಥ ದೂರು ಏಳಲು ಆಸ್ಪದವಿರಲಿಲ್ಲ. ಅವರ ಕೆಲಸ ಯಾರ ಕೆಲಸವೂ ಆಗಿರಲಿಲ್ಲ.

ಹಾಗಾದರೆ ಗಾಂಧಿ? ನಿಯಮ, ತರಬೇತಿ ಎಂದು ಕಾಯುತ್ತ ಕೂತಿದ್ದರೆ 1904ರಲ್ಲಿ ಜೋಹಾನ್ಸ್‌ಬರ್ಗ್‌ನ ಪ್ಲೇಗಿನಲ್ಲಿ ಭಾರತೀಯ ಕೂಲಿಗಳನ್ನು ನೋಡುವವರು ಯಾರಿದ್ದರು ಎಂದು ಕೇಳಬಹುದು. 23 ಮಂದಿ ರೋಗಿಗಳು, ಬೀಗ ಒಡೆದು ಒಳಹೊಕ್ಕ ಖಾಲಿ ಮನೆ, ಒಬ್ಬ ಡಾಕ್ಟರು, ಬೆರಳೆಣಿಕೆಯ ಜೊತೆಗಾರರು. ಆ ರಾತ್ರಿಯನ್ನು ನಿಯಮವೇ ಬೇಡವೆಂಬುದಕ್ಕೆ ಸಾಕ್ಷಿಯಾಗಿ ಎತ್ತಿಕೊಳ್ಳುವ ಮೊದಲು ಗಾಂಧಿಯ ಆತ್ಮಕಥೆಯನ್ನೇ ನಿಧಾನವಾಗಿ ಓದಬೇಕು. ಅವರು ಅಲ್ಲಿಗೆ ಬರಿಗೈಯಲ್ಲಿ ಬಂದವರಲ್ಲ. ಡರ್ಬನ್ನಿನಲ್ಲಿ ಡಾ. ಬೂತ್ ಅವರ ಮೇಲ್ವಿಚಾರಣೆಯಲ್ಲಿ ನಡೆಯುತ್ತಿದ್ದ, ಪಾರಸಿ ರುಸ್ತುಂಜಿಯವರ ಹಣದಿಂದ ನಿಂತ ಸಣ್ಣ ಧರ್ಮಾಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ಒಂದೆರಡು ಗಂಟೆ ಅವರು ಕೆಲಸ ಮಾಡಿದ್ದರು. ರೋಗಿಗಳ ನೋವೇನೆಂದು ಕೇಳಿ ಡಾಕ್ಟರಿಗೆ ಒಪ್ಪಿಸುವುದು, ಬರೆದ ಔಷಧಿ ಕೊಡುವುದು, ಇಷ್ಟೇ. ಬಂದವರು ಹೆಚ್ಚಾಗಿ ತಮಿಳು, ತೆಲುಗು, ಉತ್ತರ ಭಾರತದ ಕರಾರು ಕೂಲಿಗಳು. ಬೋಯರ್ ಯುದ್ಧದಲ್ಲಿ ಸುಮಾರು 1,100 ಭಾರತೀಯರ ಆಂಬುಲೆನ್ಸ್ ದಳ ಕಟ್ಟಿದಾಗ ಇದೇ ಡಾ. ಬೂತ್ ಜೊತೆಗಿದ್ದರು; ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತು ದಿನಕ್ಕೆ 20–25 ಮೈಲಿ ನಡೆದ ದಿನಗಳೂ ಇದ್ದವು. ಇನ್ನು ಪ್ಲೇಗಿನ ಆ ಮನೆಯಲ್ಲಿ ಗಾಂಧಿ ಮಾಡಿದ ಮೊದಲ ತೀರ್ಮಾನಗಳಲ್ಲಿ ಒಂದು, ಬರುತ್ತೇನೆಂದ ಒಬ್ಬರನ್ನು ತಡೆದದ್ದು. ಅವರ ಕಚೇರಿಯ ರಿಚ್ ಎಂಬವರು ಸಿದ್ಧರಿದ್ದರು, ಆದರೆ ದೊಡ್ಡ ಸಂಸಾರಸ್ಥರು. ಅಪಾಯದ ಗೆರೆಯ ಹೊರಗಿನ ಕೆಲಸವನ್ನೇ ಅವರಿಗೆ ಒಪ್ಪಿಸಿದರು. ಪುರಸಭೆ ಕಳಿಸಿದ ದಾದಿಗೆ ರೋಗಿಗಳನ್ನು ಮುಟ್ಟಲು ಹೆಚ್ಚಾಗಿ ಬಿಡುತ್ತಿರಲಿಲ್ಲ. ಅಷ್ಟಾದರೂ ಆ ದಾದಿಗೆ ಸೋಂಕು ತಗುಲಿ ಆಕೆ ಸತ್ತಳು. ರೋಗಿಗಳಲ್ಲಿ ಉಳಿದವರು ಇಬ್ಬರೇ. ತಾವೇಕೆ ಉಳಿದೆವು ಎಂದು ಹೇಳಲಾಗದು ಎಂದು ಗಾಂಧಿಯೇ ಒಪ್ಪಿಕೊಂಡಿದ್ದಾರೆ. ಅವರ ಬರಹದಲ್ಲಿ ಧೈರ್ಯದ ಬಗ್ಗೆ ಎಷ್ಟು ಇದೆಯೋ, ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕವೂ ಅಷ್ಟೇ ಇದೆ.

ನಂಬಿಕೆಯ ಮೇಲೆ ನಡೆಯುವ ಕೆಲಸಕ್ಕೆ ಗುರುತಿನ ಚೀಟಿ, ಪೊಲೀಸ್ ಪರಿಶೀಲನೆ ಎಲ್ಲ ಏಕೆ ಎನ್ನುವವರಿಗೆ ಇತ್ತೀಚಿನ ಒಂದು ಉತ್ತರವಿದೆ, ಕೇಳಲು ಹಿತವಲ್ಲದ್ದು. ಬ್ರಿಟನ್ನಿನ ಟಿವಿ ತಾರೆ ಜಿಮ್ಮಿ ಸ್ಯಾವಿಲ್ 1968ರಿಂದ ಲೀಡ್ಸ್ ಆಸ್ಪತ್ರೆಯಲ್ಲಿ ರೋಗಿಗಳ ಗಾಡಿ ತಳ್ಳುವ ಸ್ವಯಂಸೇವಕ. ಆಸ್ಪತ್ರೆಗಳಿಗೆ ಲಕ್ಷಾಂತರ ಪೌಂಡು ಕೂಡಿಸಿಕೊಟ್ಟವ. ಕೆಲವು ಕಡೆ ಉಳಿಯಲು ಕೋಣೆ, ಒಂದು ಕಡೆ ಬೀಗದ ಕೈ ಸಹಿತ ಸಿಕ್ಕಿತ್ತು. 2011ರಲ್ಲಿ ಅವನು ಸತ್ತ ಮೇಲೆ ದೂರುಗಳು ಹೊರಬಂದವು. 2014ರ ತನಿಖೆಯ ಪ್ರಕಾರ ಲೀಡ್ಸ್ ಒಂದರಲ್ಲೇ ಅವನ ಕೈಗೆ ಸಿಕ್ಕಿ ನಲುಗಿದವರು 60 ಮಂದಿ, 5 ವರ್ಷದ ಮಗುವಿನಿಂದ 75ರ ವೃದ್ಧರವರೆಗೆ. ಇಷ್ಟು ದೊಡ್ಡ ಮನುಷ್ಯ, ಇಷ್ಟು ಸೇವೆ ಮಾಡುವವನು ಎಂಬ ಭಾವನೆಯೇ ಕೇಳಬೇಕಾದವರ ಬಾಯಿ ಕಟ್ಟಿತ್ತು. 2015ರಲ್ಲಿ ಕೇಟ್ ಲ್ಯಾಂಪಾರ್ಡ್ ಸಲ್ಲಿಸಿದ ವರದಿ ಸ್ವಯಂಸೇವಕರ ಹಿನ್ನೆಲೆ ಪರಿಶೀಲನೆ, ತರಬೇತಿ, ಮೇಲ್ವಿಚಾರಣೆಯ ಬಗ್ಗೆ ವಿಸ್ತಾರವಾಗಿ ಮಾತಾಡಿತು. ಇಂಥವರು ಅಪರೂಪ, ನಿಜ. ಆದರೆ ಮಲಗಿದವರು ಎದ್ದು ಓಡಲಾರರು. ವಾರ್ಡಿನ ಬಾಗಿಲಲ್ಲಿ ನಿಂತು ಕೇಳಬೇಕಾದ ಪ್ರಶ್ನೆಯನ್ನು ಮಂಚದ ಹತ್ತಿರ ಕೇಳುವವರಿರುವುದಿಲ್ಲ.

ನಮ್ಮ ಕಡೆಯ ಆಕ್ಷೇಪಣೆ ಇದಾವುದೂ ಅಲ್ಲ. ಇಲ್ಲಿ ಸ್ವಯಂಸೇವಕರು ಯಾತಕ್ಕೆ, ಮನೆಯವರಿರುತ್ತಾರಲ್ಲ ಎಂಬುದು ನಮ್ಮ ಮಾತು. ಗಂಜಿ ಕುಡಿಸುವುದು, ಚೀಟಿ ಹಿಡಿದು ಔಷಧಿ ಅಂಗಡಿಗೆ ಓಡುವುದು, ಗ್ಲೂಕೋಸ್ ಬಾಟಲಿ ಮುಗಿಯುತ್ತ ಬಂತೆಂದು ಸಿಸ್ಟರನ್ನು ಕರೆಯುವುದು, ರಾತ್ರಿ ಮಂಚದ ಕೆಳಗೆ ಚಾಪೆ ಹಾಸಿ ಮಲಗುವುದು, ಇದೆಲ್ಲ ‘ಪೇಷೆಂಟ್ ಕಡೆಯವರ’ ಕೆಲಸ. ಆ ಪದವೇ ಇಲ್ಲಿ ಒಂದು ಹುದ್ದೆ. ಸರಕಾರಿ ಆಸ್ಪತ್ರೆ ಅವರಿಲ್ಲದೆ ಒಂದು ದಿನವೂ ನಡೆಯದು. ಆದರೆ ನೆರೆಯ ಕೇರಳದಲ್ಲಿ ಈ ಉತ್ತರ ಸಾಲದೆಂದು ಕೆಲವರಿಗೆ ಅನಿಸಿತು. ಕೋಯಿಕ್ಕೋಡ್‌ನಲ್ಲಿ 1993ರಲ್ಲಿ ಆರಂಭವಾದ ನೋವು ಮತ್ತು ಉಪಶಮನ ಆರೈಕೆ ಸಂಘದ ಹಿಂದೆ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಇದ್ದರು. ಗುಣವಾಗದ ಕಾಯಿಲೆಯವರ ಮನೆಯವರು ತಿಂಗಳುಗಟ್ಟಲೆ ನೋಡಿಕೊಂಡು ಕೂಲಿ ಕಳೆದುಕೊಂಡು, ಸಾಲ ಮಾಡಿ, ಸೋತು ಕೂತಿರುತ್ತಾರೆ; ಕಡೆಯವರನ್ನು ನೋಡುವ ಕಡೆಯವರು ಯಾರು? ಮಲಪ್ಪುರಂ ಜಿಲ್ಲೆಯಿಂದ ಹಬ್ಬಿದ ನೆರೆಹೊರೆಯ ಜಾಲದಲ್ಲಿ ವಾರಕ್ಕೆ ಕನಿಷ್ಠ 2 ಗಂಟೆ ಕೊಡಬಲ್ಲವರನ್ನು ಸೇರಿಸಿಕೊಂಡು 16 ಗಂಟೆಗಳ ಪಾಠ, 4 ದಿನ ನುರಿತವರ ಜೊತೆ ರೋಗಿಗಳ ಬಳಿ ಅಭ್ಯಾಸ, ಕೊನೆಗೆ ಕಲಿತದ್ದರ ಪರೀಕ್ಷೆ ಎಂಬ ಕ್ರಮ ಬಂತು. 2008ರಲ್ಲಿ ಕೇರಳ ಸರಕಾರ ಉಪಶಮನ ಆರೈಕೆಗೆಂದೇ ನೀತಿಯೊಂದನ್ನು ತಂದಿತು. ಇಂಥ ತರಬೇತಿಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಗಾಯ ಶುಚಿ ಮಾಡುವ ವಿಧಾನವಲ್ಲ, ಎದುರಿನವರು ಮಾತು ನಿಲ್ಲಿಸಿದಾಗ ತಾನು ಸುಮ್ಮನಿರುವುದು. ನೈಟಿಂಗೇಲ್ ಸಿಡುಕಿದ್ದೂ ಹೀಗೆ ಸುಮ್ಮನಿರಲಾರದವರ ಮೇಲೇ.

ಹಣ್ಣು ಹಂಚುವವರನ್ನು ಆಸ್ಪತ್ರೆಯಿಂದ ಓಡಿಸಬೇಕೆಂದು ಈ ಚರಿತ್ರೆ ಹೇಳುವುದಿಲ್ಲ. ಶಾಟಿಯೋಂನ ದಾರಿಯಲ್ಲಿದ್ದ ಹೆಂಗಸರನ್ನು ವಿನ್ಸೆಂಟ್ ಮನೆಗೆ ಅಟ್ಟಲಿಲ್ಲ, ಪಾಳಿ ಕೊಟ್ಟು ಕೂರಿಸಿದರು. ಹಣ್ಣಿನ ಬುಟ್ಟಿಯನ್ನು ದಾದಿಯರ ಮೇಜಿನ ಹತ್ತಿರ ಇಳಿಸಿ, ಯಾರಿಗೆ ಕೊಡಬಹುದು ಯಾರಿಗೆ ಬೇಡ ಎಂದು ಕೇಳಿಕೊಂಡು, ಹನ್ನೆರಡು ಮಂದಿಯ ಬದಲು ವಾರಕ್ಕೆ ಇಬ್ಬರಂತೆ ಆರು ವಾರ ಬಂದರೆ ಅದೇ ಖರ್ಚಿನಲ್ಲಿ ಬೇರೆಯೇ ಕೆಲಸ ಆಗುತ್ತದೆ. ಎಲ್ಲಿಂದ ಶುರು ಮಾಡುವುದು ಎಂಬುದಕ್ಕೂ ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. “ಪೇಷೆಂಟ್ ಕಡೆಯವರು ಯಾರು?” ಎಂದು ಸಿಸ್ಟರ್ ಕೂಗಿದಾಗ ಯಾರೂ ಎದ್ದು ನಿಲ್ಲದ ಮಂಚ ಯಾವುದೆಂದು ಇಡೀ ವಾರ್ಡಿಗೆ ಗೊತ್ತಿರುತ್ತದೆ. ಸುತ್ತು ಅಲ್ಲಿ ಮುಗಿಯಬೇಕು, ಅವಸರವಿಲ್ಲದೆ, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು.